ಸಾರಿಗೆ ಉಪ್ಪಿದೆ, ತಾತನಿಗೇಕೆ ಸಪ್ಪೆ?



ಆಲೂರು ತಾಲ್ಲೂಕಿನ ಕುಂದೂರು ಕಡೆಯ ಒಂದು ಶಾಲೆಗೆ ಹೋಗಿದ್ದಾಗ ಅಲ್ಲಿನ ವಿಜ್ಞಾನ ಪ್ರಶ್ನೆ ಪೆಟ್ಟಿಗೆಯನ್ನು ತೆರೆದೆವು. ಮಿಂಚುಹುಳಕ್ಕೆ ಬೆಳಕು ಎಲ್ಲಿಂದ ಬರುತ್ತದೆ, ಇಂಬಳ ಕಚ್ಚಿದಾಗ ನೋವೇಕೆ ಆಗುವುದಿಲ್ಲ ಎಂಬಂಥ ಪ್ರಶ್ನೆಗಳ ನಡುವೆ ಒಂದು ಚೀಟಿ ಹೀಗಿತ್ತು:

‘ನಮ್ಮ ತಾತನಿಗೆ ಲಕ್ವ ಹೊಡೆದು ಮೂರು ತಿಂಗಳಾಯಿತು. ಅಜ್ಜಿ ಮಾಡಿದ ಸಾರು ಸಪ್ಪೆ ಅಂತ ತಟ್ಟೆ ತಳ್ಳುತ್ತಾರೆ. ನಾವು ಉಂಡರೆ ಉಪ್ಪು ಸರಿಯಾಗಿಯೇ ಇರುತ್ತದೆ. ತಾತ ಸುಳ್ಳು ಹೇಳುತ್ತಾರಾ?’

ಚೀಟಿ ಬರೆದವಳು ಏಳನೇ ತರಗತಿಯ ಹುಡುಗಿ. ವಿಚಾರಿಸಿದಾಗ ಇನ್ನಷ್ಟು ಹೇಳಿದಳು. ತಾತನ ಎಡಗೈ ಎಡಗಾಲಿಗೆ ಶಕ್ತಿಯಿಲ್ಲ. ಊಟಕ್ಕೆ ಕುಳಿತರೆ ಅರ್ಧ ಉಂಡು ಸಾಕೆನ್ನುತ್ತಾರೆ. ಮನೆಯವರು ‘ಮುದುಕರ ಹಟ’ ಎನ್ನುತ್ತಾರೆ. ಅಜ್ಜಿ ಮಾತ್ರ ಮನಸ್ಸು ತಡೆಯದೆ ತಾತನ ಬಟ್ಟಲಿಗೆ ಯಾರಿಗೂ ಕಾಣದಂತೆ ಒಂದು ಚಿಟಿಕೆ ಉಪ್ಪು ಹೆಚ್ಚು ಹಾಕುತ್ತಾರೆ.

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇಂಥ ತಾತ ಇರಬಹುದು, ಅಜ್ಜಿ ಇರಬಹುದು. ಆದ್ದರಿಂದ ಈ ಹುಡುಗಿಯ ಪ್ರಶ್ನೆಗೆ ಎಲ್ಲರೂ ಸೇರಿ ಉತ್ತರ ಹುಡುಕೋಣ.

ರುಚಿ ಎಲ್ಲಿದೆ?

‘ನಾಲಿಗೆಯಲ್ಲಿ’ ಎಂದು ನೀವು ಕೂಡಲೇ ಹೇಳುತ್ತೀರಿ. ಅದು ಅರ್ಧ ಉತ್ತರ ಮಾತ್ರ.

ನಾಲಿಗೆಯ ಮೇಲೆ ಸಾವಿರಾರು ರುಚಿಮೊಗ್ಗುಗಳಿವೆ. ಒಂದೊಂದು ಮೊಗ್ಗಿನಲ್ಲೂ ಹತ್ತಾರು ರುಚಿಕೋಶಗಳಿರುತ್ತವೆ. ಸಿಹಿ, ಹುಳಿ, ಉಪ್ಪು, ಕಹಿ ಎಂಬ ನಾಲ್ಕು ರುಚಿಗಳು ನಿಮಗೆ ಗೊತ್ತು. ಐದನೆಯದು ‘ಉಮಾಮಿ’. ಜಪಾನಿನ ರಸಾಯನ ವಿಜ್ಞಾನಿ ಕಿಕುನೆ ಇಕೆಡ ಇದನ್ನು 1908ರಲ್ಲಿ ಗುರುತಿಸಿದರು. ಅಣಬೆ, ಟೊಮ್ಯಾಟೊ, ಮಾಂಸದ ಸಾರುಗಳಲ್ಲಿ ನಮಗೆ ಹಿತವೆನಿಸುವ ರುಚಿ ಇದೇ.

ನಾಲಿಗೆಯ ತುದಿಗೆ ಸಿಹಿ, ಹಿಂಭಾಗಕ್ಕೆ ಕಹಿ ಎಂದು ತೋರಿಸುವ ಹಳೆಯ ಚಿತ್ರವನ್ನು ನೀವು ಎಲ್ಲಾದರೂ ನೋಡಿರಬಹುದು. ಅದು ತಪ್ಪು. 1901ರಲ್ಲಿ ಪ್ರಕಟವಾದ ಒಂದು ಜರ್ಮನ್ ಲೇಖನವನ್ನು ಸರಿಯಾಗಿ ಅರ್ಥಮಾಡಿಕೊಳ್ಳದೆ ಹುಟ್ಟಿದ ಚಿತ್ರವದು. ರುಚಿಮೊಗ್ಗುಗಳಿರುವ ಎಲ್ಲ ಭಾಗವೂ ಎಲ್ಲ ರುಚಿಗಳನ್ನೂ ಗುರುತಿಸಬಲ್ಲದು. ನಾಲಿಗೆಯ ತುದಿಗೆ ಒಂದು ಹರಳು ಉಪ್ಪು ಇಟ್ಟುಕೊಂಡು ನೀವೇ ಪರೀಕ್ಷಿಸಿ.

ಇನ್ನು ಉಳಿದರ್ಧ ಉತ್ತರ. ರುಚಿಕೋಶಗಳು ಸುದ್ದಿ ಕಳಿಸುತ್ತವೆ, ಅಷ್ಟೇ. ನಾಲಿಗೆಯ ಮುಂಭಾಗದ ಸುದ್ದಿಯನ್ನು ಏಳನೆಯ ಕಪಾಲ ನರವೂ ಹಿಂಭಾಗದ ಸುದ್ದಿಯನ್ನು ಒಂಬತ್ತನೆಯ ಕಪಾಲ ನರವೂ ಹೊತ್ತೊಯ್ಯುತ್ತವೆ. ಗಂಟಲಿನ ಭಾಗದಿಂದ ಹತ್ತನೆಯ ನರ ಒಯ್ಯುತ್ತದೆ. ಈ ಸುದ್ದಿಯೆಲ್ಲ ಮೊದಲು ಮಿದುಳಿನ ಬುಡದಲ್ಲಿರುವ ಮೆಡುಲ್ಲವನ್ನು ತಲುಪುತ್ತದೆ. ಅಲ್ಲಿಂದ ಥಲಾಮಸ್ ಎಂಬ ಭಾಗಕ್ಕೆ, ಕೊನೆಗೆ ಮಿದುಳಿನ ಮಡಿಕೆಯೊಳಗೆ ಅಡಗಿರುವ ಇನ್ಸುಲಾ ಎಂಬ ಭಾಗಕ್ಕೆ ಹೋಗುತ್ತದೆ. ಸುದ್ದಿ ಅಲ್ಲಿಗೆ ಮುಟ್ಟಿದ ಮೇಲೆಯೇ ‘ಉಪ್ಪು ಹದವಾಗಿದೆ’ ಎಂದು ನಮಗೆ ತಿಳಿಯುವುದು.

ರುಚಿಗೆ ಮೂಗಿನ ನೆರವೂ ಬೇಕು. ಅಗಿಯುವಾಗ ಆಹಾರದ ವಾಸನೆ ಬಾಯಿಯ ಹಿಂಭಾಗದಿಂದ ಮೂಗಿಗೆ ಏರುತ್ತದೆ. ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ಈ ವಾಸನೆಯದೇ.

ಮಾಡಿ ನೋಡಿ – 1

ಸ್ವಲ್ಪ ಬೆಲ್ಲಕ್ಕೆ ಏಲಕ್ಕಿ ಪುಡಿ ಬೆರೆಸಿ. ಗೆಳೆಯನ ಕಣ್ಣಿಗೆ ಬಟ್ಟೆ ಕಟ್ಟಿ, ಮೂಗನ್ನು ಬೆರಳಿನಿಂದ ಮುಚ್ಚಿಕೊಳ್ಳಲು ಹೇಳಿ. ಈಗ ಬೆಲ್ಲದ ಚೂರನ್ನು ಅವನ ನಾಲಿಗೆಯ ಮೇಲಿಡಿ. ‘ಸಿಹಿ’ ಎಂದಷ್ಟೇ ಹೇಳುತ್ತಾನೆ. ಮೂಗು ಬಿಡಲು ಹೇಳಿ. ಕೂಡಲೇ ‘ಏಲಕ್ಕಿ!’ ಎನ್ನುತ್ತಾನೆ. ನಾಲಿಗೆಯ ಮೇಲಿದ್ದ ವಸ್ತು ಬದಲಾಗಲಿಲ್ಲ. ಬದಲಾದದ್ದು ಮಿದುಳಿಗೆ ತಲುಪಿದ ಸುದ್ದಿ.

ಲಕ್ವ ಎಂದರೇನು?

ನಾವು ಲಕ್ವ ಎನ್ನುವುದನ್ನು ಪುಸ್ತಕಗಳಲ್ಲಿ ಪಾರ್ಶ್ವವಾಯು ಎಂದು ಬರೆಯುತ್ತಾರೆ. ಪಾರ್ಶ್ವ ಎಂದರೆ ಒಂದು ಮಗ್ಗುಲು. ವಾಯು ಎಂದರೆ ಗಾಳಿ. ಗಾಳಿ ಸೋಕಿ ಹೀಗಾಯಿತು ಎಂದು ಹಿಂದಿನವರು ನಂಬಿದ್ದರು. ಆದರೆ ಇದು ಗಾಳಿಯ ಕೆಲಸವಲ್ಲ, ರಕ್ತನಾಳದ ತೊಂದರೆ.

ನಮ್ಮ ಮಿದುಳಿನ ತೂಕ ದೇಹದ ತೂಕದಲ್ಲಿ ಸುಮಾರು ನೂರಕ್ಕೆ ಎರಡು ಭಾಗ ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ನೂರಕ್ಕೆ ಇಪ್ಪತ್ತು ಭಾಗ ಅದಕ್ಕೇ ಬೇಕು. ಅದನ್ನು ಹೊತ್ತು ತರುವುದು ರಕ್ತ. ಮಿದುಳಿನ ಒಂದು ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡರೆ, ಅಥವಾ ರಕ್ತನಾಳ ಒಡೆದರೆ, ಆ ಭಾಗದ ನರಕೋಶಗಳು ಸಾಯತೊಡಗುತ್ತವೆ. ಹತ್ತರಲ್ಲಿ ಸುಮಾರು ಎಂಟು ಸಲ ಆಗುವುದು ಮೊದಲ ಬಗೆಯದು.

ಮಿದುಳಿನ ಬಲಭಾಗ ದೇಹದ ಎಡಭಾಗವನ್ನು, ಎಡಭಾಗ ದೇಹದ ಬಲಭಾಗವನ್ನು ನಡೆಸುತ್ತದೆ. ಹಾಗಾದರೆ ನಮ್ಮ ಹುಡುಗಿಯ ತಾತನಿಗೆ ಪೆಟ್ಟಾಗಿರುವುದು ಮಿದುಳಿನ ಯಾವ ಭಾಗಕ್ಕೆ? ಹೌದು, ಬಲಭಾಗಕ್ಕೆ. ಈ ಉತ್ತರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೈಕಾಲು ಬಿದ್ದುಹೋಗುವುದು ಎಲ್ಲರಿಗೂ ಕಾಣುತ್ತದೆ. ರುಚಿ ಬಿದ್ದುಹೋದರೆ? ಅದು ಯಾರ ಕಣ್ಣಿಗೂ ಕಾಣುವುದಿಲ್ಲ. ಅನುಭವಿಸುವವರಿಗೇ ಗೊತ್ತು.

ತಾತ ಹೇಳುವುದು ನಿಜ

ನಾಲಿಗೆಯಿಂದ ಇನ್ಸುಲಾವರೆಗಿನ ದಾರಿಯಲ್ಲಿ ಎಲ್ಲಿ ಪೆಟ್ಟು ಬಿದ್ದರೂ ರುಚಿ ಕಡಿಮೆಯಾಗಬಹುದು. ಇದೇನೂ ಅಪರೂಪವಲ್ಲ. ಪಾರ್ಶ್ವವಾಯುವಾದ 102 ಜನರ ನಾಲಿಗೆಯನ್ನು ಜರ್ಮನಿಯ ವೈದ್ಯರು ಪರೀಕ್ಷಿಸಿ 2005ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ನೂರಕ್ಕೆ ಸುಮಾರು 30 ಜನರಿಗೆ ರುಚಿ ಗುರುತಿಸುವ ಶಕ್ತಿ ಕುಗ್ಗಿತ್ತು. ಕೆಲವರಿಗೆ ಎಲ್ಲವೂ ಸಪ್ಪೆ. ಕೆಲವರಿಗೆ ಬಾಯಿ ಕಹಿ. ಇನ್ನು ಕೆಲವರಿಗೆ ನಾಲಿಗೆಯ ಒಂದು ಪಕ್ಕಕ್ಕೆ ರುಚಿ ಗೊತ್ತಾಗುತ್ತದೆ, ಇನ್ನೊಂದು ಪಕ್ಕಕ್ಕೆ ಗೊತ್ತಾಗುವುದಿಲ್ಲ. ಸೇವಿಸುವ ಕೆಲವು ಔಷಧಿಗಳಿಂದಲೂ ಬಾಯಿ ಒಣಗುವುದರಿಂದಲೂ ರುಚಿ ಕೆಡುವುದುಂಟು.

ಹಾಗಾದರೆ ಸಾರಿನಲ್ಲಿ ಉಪ್ಪಿರುವುದೂ ನಿಜ, ತಾತನಿಗೆ ಅದು ಸಪ್ಪೆಯಾಗಿರುವುದೂ ನಿಜ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಸಮಾಧಾನದ ಸಂಗತಿಯೆಂದರೆ, ವಾರಗಳು ತಿಂಗಳುಗಳು ಕಳೆದಂತೆ ಅನೇಕರಿಗೆ ರುಚಿ ಮರಳುತ್ತದೆ.

ರುಚಿ ಮಾತ್ರವಲ್ಲ, ತಿನ್ನುವ ಆಸೆಯೂ ಬದಲಾಗುವುದುಂಟು. ಸ್ವಿಟ್ಜರ್ಲೆಂಡಿನ ಸಂಶೋಧಕರಾದ ಮರಿಯಾನ್ ರೆಗಾರ್ಡ್ ಮತ್ತು ಥಿಯೊಡೋರ್ ಲ್ಯಾಂಡಿಸ್ 1997ರಲ್ಲಿ ವಿಚಿತ್ರವಾದ ಒಂದು ವರದಿ ಪ್ರಕಟಿಸಿದರು. ಮಿದುಳಿಗೆ ಪೆಟ್ಟಾದ ಕೆಲವರಿಗೆ ರುಚಿರುಚಿಯಾದ ಊಟದ ಮೇಲೆ ಹಿಂದೆಂದೂ ಇಲ್ಲದ ಮೋಹ ಹುಟ್ಟಿತ್ತು! ಅವರು ಪರೀಕ್ಷಿಸಿದ 723 ಜನರಲ್ಲಿ 36 ಜನ ಹೀಗಿದ್ದರು. ಅವರಲ್ಲಿ ಬಹುಪಾಲು ಜನರಿಗೆ ಪೆಟ್ಟಾಗಿದ್ದದ್ದು ಮಿದುಳಿನ ಬಲಭಾಗದ ಮುಂದಿನ ಪ್ರದೇಶಕ್ಕೆ. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ಇನ್ಸುಲಾಕ್ಕೆ ಪೆಟ್ಟಾದ ಕೆಲವರು ಧೂಮಪಾನವನ್ನು ಸುಲಭವಾಗಿ ಬಿಟ್ಟುಬಿಟ್ಟಿದ್ದರು. ಸೇದಬೇಕೆಂಬ ಆಸೆಯೇ ಅವರಿಗೆ ಬರುತ್ತಿರಲಿಲ್ಲ.

ನಾವು ‘ಸ್ವಭಾವ’, ‘ಚಪಲ’, ‘ಹಟ’ ಎಂದು ಕರೆಯುವ ಎಷ್ಟೋ ಸಂಗತಿಗಳ ಹಿಂದೆ ಮಿದುಳಿನ ಕೆಲಸವಿದೆ ಎಂಬುದು ಇದರಿಂದ ತಿಳಿಯುತ್ತದೆ.

ಅರ್ಧ ತಟ್ಟೆಯ ಗುಟ್ಟು

ತಾತ ಅರ್ಧ ಉಂಡು ಎದ್ದೇಳುತ್ತಾರೆ ಎಂದಳಲ್ಲ? ‘ಯಾವ ಅರ್ಧ?’ ಎಂದು ನಾನು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ‘ಒಂದು ವಾರ ಗಮನಿಸಿ ಬರೆದಿಡು’ ಎಂದೆ.

ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಲ್ಲಿ ಒಂದು ಅಚ್ಚರಿಯ ತೊಂದರೆ ಕಾಣುತ್ತದೆ. ಅವರ ಕಣ್ಣು ಚೆನ್ನಾಗಿದ್ದರೂ ಎಡಗಡೆ ಏನಿದೆ ಎಂಬುದರ ಕಡೆಗೆ ಅವರ ಗಮನವೇ ಹೋಗುವುದಿಲ್ಲ. ಎಡಗಡೆ ಎಂಬುದೇ ಇಲ್ಲವೇನೋ ಎಂಬಂತೆ ಇರುತ್ತಾರೆ. ತಟ್ಟೆಯ ಬಲಗಡೆ ಇರುವುದನ್ನು ಉಂಡು ಊಟ ಮುಗಿಯಿತೆಂದುಕೊಳ್ಳುತ್ತಾರೆ. ನಮ್ಮಲ್ಲಿ ಬಾಳೆಲೆಯ ಎಡತುದಿಗೆ ಉಪ್ಪು, ಅದರ ಪಕ್ಕದಲ್ಲಿ ಉಪ್ಪಿನಕಾಯಿ, ಕೋಸಂಬರಿ ಬಡಿಸುವುದು ವಾಡಿಕೆ. ಇಂಥವರಿಗೆ ಅವೆಲ್ಲ ಇದ್ದೂ ಇಲ್ಲದಂತೆ.

ಪರಿಹಾರ ಬಹಳ ಸುಲಭ. ಊಟದ ನಡುವೆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ. ಎಡಗಡೆ ಇದ್ದದ್ದು ಬಲಗಡೆಗೆ ಬರುತ್ತದೆ. ‘ತಾತ, ಈ ಕಡೆ ಪಲ್ಯ ಇದೆ ನೋಡಿ’ ಎಂದು ಬೆರಳು ತೋರಿಸಿ, ಅವರು ಎಡಕ್ಕೆ ತಲೆ ತಿರುಗಿಸುವಂತೆ ಮಾಡಿದರೆ ಇನ್ನೂ ಒಳ್ಳೆಯದು. ಅದೂ ಒಂದು ಅಭ್ಯಾಸವೇ.

ನುಂಗುವುದು ಸುಲಭದ ಕೆಲಸವಲ್ಲ

ಮಾಡಿ ನೋಡಿ – 2

ಕತ್ತಿನ ಮುಂಭಾಗದ ಉಬ್ಬಿನ ಮೇಲೆ ಎರಡು ಬೆರಳಿಟ್ಟು ಉಗುಳು ನುಂಗಿ. ಆ ಉಬ್ಬು ಮೇಲಕ್ಕೆ ಹೋಗಿ ಕೆಳಗಿಳಿಯುತ್ತದೆ ಅಲ್ಲವೇ? ಇನ್ನೊಮ್ಮೆ ಉಗುಳು ನುಂಗುತ್ತಲೇ ಉಸಿರೆಳೆಯಲು ಪ್ರಯತ್ನಿಸಿ. ಆಗುವುದಿಲ್ಲ.

ಗಂಟಲಿನಲ್ಲಿ ಅನ್ನದ ದಾರಿ ಮತ್ತು ಗಾಳಿಯ ದಾರಿ ಒಂದನ್ನೊಂದು ದಾಟುತ್ತವೆ. ನುಂಗುವ ಗಳಿಗೆಯಲ್ಲಿ ಉಸಿರು ನಿಲ್ಲಬೇಕು, ಶ್ವಾಸನಾಳದ ಬಾಯಿ ಮುಚ್ಚಬೇಕು, ಅನ್ನನಾಳದ ಬಾಯಿ ತೆರೆಯಬೇಕು. ಮೂವತ್ತಕ್ಕೂ ಹೆಚ್ಚು ಸ್ನಾಯುಗಳು ಒಂದು ಸೆಕೆಂಡಿನ ಆಸುಪಾಸಿನಲ್ಲಿ ತಾಳ ತಪ್ಪದೆ ದುಡಿಯಬೇಕು. ತಾಳ ಹಾಕುವುದು ಮಿದುಳು. ತಾಳ ತಪ್ಪಿದರೆ ‘ನೆತ್ತಿಗೆ ಹತ್ತಿತು’ ಎನ್ನುತ್ತೇವೆ. ಯಾರೋ ನೆನೆಸಿಕೊಂಡರು ಎಂದು ಅಜ್ಜಿ ತಲೆ ತಟ್ಟುತ್ತಾರೆ. ನಿಜವಾಗಿ ಆಹಾರ ಹತ್ತುವುದು ನೆತ್ತಿಗಲ್ಲ, ಅದು ಶ್ವಾಸನಾಳದ ಕಡೆಗೆ ಜಾರಿರುತ್ತದೆ. ಕೆಮ್ಮು ಅದನ್ನು ಹೊರಕ್ಕೆ ತಳ್ಳುತ್ತದೆ.

ಪಾರ್ಶ್ವವಾಯು ಆದವರಲ್ಲಿ ಅನೇಕರಿಗೆ, ಅದರಲ್ಲೂ ಮೊದಲ ದಿನಗಳಲ್ಲಿ, ಈ ತಾಳ ತಪ್ಪುತ್ತದೆ. ಕೆಲವರಿಗೆ ಕೆಮ್ಮೂ ಬರುವುದಿಲ್ಲ. ನೀರು, ಅನ್ನ ಸದ್ದಿಲ್ಲದೆ ಶ್ವಾಸಕೋಶ ಸೇರಿ ನ್ಯುಮೋನಿಯಾ ಆಗಬಹುದು. ಇದು ಪ್ರಾಣಕ್ಕೇ ಅಪಾಯ.

ಇಲ್ಲೊಂದು ಪ್ರಶ್ನೆ. ನೀರು ಮತ್ತು ಗಂಜಿ, ಇವೆರಡರಲ್ಲಿ ಇಂಥವರಿಗೆ ನುಂಗಲು ಕಷ್ಟವಾದದ್ದು ಯಾವುದು? ಗಂಜಿ ಎಂದು ನಿಮಗೆ ಅನ್ನಿಸಬಹುದು. ಆದರೆ ಅನೇಕರಿಗೆ ನೀರೇ ಹೆಚ್ಚು ಕಷ್ಟ. ತೆಳ್ಳಗಿನ ನೀರು ಸರ್ರನೆ ಹರಿದುಬಿಡುತ್ತದೆ. ದುರ್ಬಲವಾದ ಗಂಟಲಿಗೆ ಬಾಗಿಲು ಮುಚ್ಚಲು ಸಮಯವೇ ಸಿಗುವುದಿಲ್ಲ. ಮಂದವಾದ ಗಂಜಿ ನಿಧಾನವಾಗಿ ಸಾಗುತ್ತದೆ. ಹಾಗೆಂದು ಮುದ್ದೆ ಕೊಡಬಹುದೇ? ನಾವು ಮುದ್ದೆಯನ್ನು ಅಗಿಯುವುದಿಲ್ಲ, ತುತ್ತು ಮಾಡಿ ನುಂಗುತ್ತೇವೆ. ಅಂಟಾದ ಆ ತುತ್ತನ್ನು ಒಳಕ್ಕೆ ದೂಡಲು ಗಂಟಲಿಗೆ ಒಳ್ಳೆಯ ಬಲ ಬೇಕು. ಬಲವಿಲ್ಲದಿದ್ದರೆ ಸಿಕ್ಕಿಕೊಳ್ಳುತ್ತದೆ. ‘ಹುಟ್ಟಿದಾಗಿನಿಂದ ಮುದ್ದೆ ಉಂಡವರು, ಏನೂ ಆಗುವುದಿಲ್ಲ’ ಎಂದು ಒತ್ತಾಯ ಮಾಡಬಾರದು.

ಯಾರಿಗೆ ಯಾವ ಹದದ ಆಹಾರ ಸರಿ ಎಂಬುದನ್ನು ವೈದ್ಯರು ಅಥವಾ ವಾಕ್ ಚಿಕಿತ್ಸಕರು ಪರೀಕ್ಷಿಸಿ ಹೇಳಬೇಕು. ಮಾತಿಗೂ ನುಂಗುವುದಕ್ಕೂ ಬೇಕಾದ ಸ್ನಾಯುಗಳು ಬಹುಮಟ್ಟಿಗೆ ಅವೇ ಆದ್ದರಿಂದ ಮಾತು ಕಲಿಸುವವರೇ ನುಂಗುವುದನ್ನೂ ಕಲಿಸುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಚಿಕಿತ್ಸೆ ದೊರೆಯುತ್ತದೆ.

ಮನೆಯಲ್ಲಿ ನೀವು ಗಮನಿಸಬಹುದಾದ ಸಂಗತಿಗಳಿವೆ. ಕುಡಿದ ಕೂಡಲೇ ಕೆಮ್ಮು ಬರುತ್ತದೆಯೇ? ದನಿ ಗೊರಗೊರ ಎನ್ನುತ್ತದೆಯೇ? ಶಕ್ತಿಯಿಲ್ಲದ ಕಡೆಯ ಕೆನ್ನೆಯೊಳಗೆ ಅನ್ನ ಉಳಿಯುತ್ತದೆಯೇ? ಪದೇ ಪದೇ ಜ್ವರ ಬರುತ್ತದೆಯೇ? ಇವುಗಳಲ್ಲಿ ಯಾವುದನ್ನು ಕಂಡರೂ ದೊಡ್ಡವರಿಗೆ ತಿಳಿಸಿ. ಮಲಗಿದ್ದವರಿಗೆ ಹಾಗೆಯೇ ಕುಡಿಸಬೇಡಿ. ನೆಟ್ಟಗೆ ಕುಳ್ಳಿರಿಸಿ, ಚಿಕ್ಕ ಚಿಕ್ಕ ತುತ್ತು ಕೊಡಬೇಕು. ಊಟವಾದ ಮೇಲೆ ಬಾಯಿ ಶುಚಿಮಾಡಿ ಅರ್ಧ ಗಂಟೆ ಕುಳಿತೇ ಇರಲು ಬಿಡಬೇಕು.

ಎಡಗೈ ಊಟ

ಬಲಗೈ ಬಿದ್ದುಹೋದವರ ಕಷ್ಟ ಇನ್ನೊಂದು ಬಗೆಯದು. ನಮ್ಮಲ್ಲಿ ಎಡಗೈಯಲ್ಲಿ ಉಣ್ಣುವುದು ಸರಿಯಲ್ಲ ಎಂದು ಚಿಕ್ಕಂದಿನಿಂದ ಹೇಳಿಕೊಟ್ಟಿರುತ್ತಾರೆ. ಈಗ ಅದೇ ಕೈಯಲ್ಲಿ, ಅನ್ನ ಚೆಲ್ಲಿಕೊಂಡು, ಎಲ್ಲರೆದುರು ಹೇಗೆ ಉಣ್ಣುವುದು? ನಾಚಿಕೆಯಿಂದ ‘ಹಸಿವಿಲ್ಲ’ ಎಂದುಬಿಡುತ್ತಾರೆ. ಮಾತು ಕೆಟ್ಟವರು ಒಂದನ್ನು ಹೇಳಲು ಹೋಗಿ ಇನ್ನೊಂದನ್ನು ಹೇಳುವುದೂ ಉಂಟು. ‘ಉಪ್ಪು’ ಎಂದವರಿಗೆ ಬೇಕಾದದ್ದು ನೀರಿರಬಹುದು. ತೋರಿಸಿ ಕೇಳಿದರೆ ತಿಳಿಯುತ್ತದೆ. ಪಾರ್ಶ್ವವಾಯುವಾದ ಮೂವರಲ್ಲಿ ಸುಮಾರು ಒಬ್ಬರಿಗೆ ಮನಸ್ಸು ಕುಗ್ಗುವ ಕಾಯಿಲೆ, ಅಂದರೆ ಖಿನ್ನತೆ ಬರುತ್ತದೆ. ಅದರಿಂದಲೂ ಊಟ ಸೇರುವುದಿಲ್ಲ. ಇದಕ್ಕೂ ಚಿಕಿತ್ಸೆ ಇದೆ.

ನಗದೆ, ಗದರದೆ, ಪಕ್ಕದಲ್ಲಿ ಕುಳಿತು ಜೊತೆಗೆ ಉಣ್ಣುವವರು ಒಬ್ಬರಿದ್ದರೆ ಅವರಿಗೆ ಎಷ್ಟೋ ಧೈರ್ಯ. ಆ ಒಬ್ಬರು ನೀವೇ ಆಗಬಹುದು.

ಆ ಒಂದು ಚಿಟಿಕೆ ಉಪ್ಪು

ಈಗ ಅಜ್ಜಿಯ ವಿಷಯಕ್ಕೆ ಬರೋಣ. ಅಜ್ಜಿ ಉಪ್ಪು ಹಾಕಿದ್ದು ಪ್ರೀತಿಯಿಂದ. ಆದರೆ ಪಾರ್ಶ್ವವಾಯುವಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಅಧಿಕ ರಕ್ತದೊತ್ತಡ. ಉಪ್ಪು ಹೆಚ್ಚಾದಷ್ಟೂ ರಕ್ತದೊತ್ತಡ ಏರುತ್ತದೆ. ಒಮ್ಮೆ ಲಕ್ವ ಹೊಡೆದವರಿಗೆ ಮತ್ತೊಮ್ಮೆ ಹೊಡೆಯುವ ಸಂಭವ ಹೆಚ್ಚು. ದೊಡ್ಡವರೊಬ್ಬರಿಗೆ ದಿನಕ್ಕೆ ಒಟ್ಟು 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಒಂದು ಚಹಾ ಚಮಚದಷ್ಟು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿರುವ ಉಪ್ಪೂ ಅದರಲ್ಲೇ ಸೇರಬೇಕು.

ಉಪ್ಪಿಗಿಂತ ರುಚಿಯಿಲ್ಲ ಎಂದು ಗಾದೆ ಇದೆ. ಆದರೆ ಮೊದಲ ಪ್ರಯೋಗ ನೆನಪಿಸಿಕೊಳ್ಳಿ. ರುಚಿಗೆ ಮೂಗೂ ಒಂದು ಬಾಗಿಲು. ನಾಲಿಗೆಯ ದಾರಿ ಕೆಟ್ಟಿದ್ದರೂ ಮೂಗಿನ ದಾರಿ ಚೆನ್ನಾಗಿರಬಹುದು. ಬಡಿಸುವ ಮುಂಚೆ ಸಾರಿಗೆ ಬೆಳ್ಳುಳ್ಳಿ, ಜೀರಿಗೆಯ ಬಿಸಿ ಒಗ್ಗರಣೆ ಕೊಟ್ಟರೆ, ಕೊತ್ತಂಬರಿ ಸೊಪ್ಪು ಹಾಕಿದರೆ, ನಾಲ್ಕು ಹನಿ ನಿಂಬೆರಸ ಹಿಂಡಿದರೆ ಕಡಿಮೆ ಉಪ್ಪಿನಲ್ಲೂ ಊಟ ರುಚಿಸುತ್ತದೆ. ಆದರೆ ನುಂಗುವಾಗ ಗಂಟಲಿಗೆ ಸಿಕ್ಕದಂತೆ ಬೆಳ್ಳುಳ್ಳಿ ಸಿಪ್ಪೆ, ಕರಿಬೇವುಗಳನ್ನು ತೆಗೆದುಬಿಡಬೇಕು. ಅಂಗಡಿಯಲ್ಲಿ ಸಿಗುವ ‘ಕಡಿಮೆ ಸೋಡಿಯಂ’ ಉಪ್ಪನ್ನು ವೈದ್ಯರನ್ನು ಕೇಳದೆ ಕೊಡಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ತೊಂದರೆ ಇರುವವರಿಗೆ ಅಪಾಯ.

ಲಕ್ವ ಹೊಡೆದ ಗಳಿಗೆಯಲ್ಲಿ

ಯಾರಿಗಾದರೂ ಇದ್ದಕ್ಕಿದ್ದಂತೆ ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಎತ್ತಿದ ಎರಡು ಕೈಗಳಲ್ಲಿ ಒಂದು ಕೆಳಗೆ ಬಿದ್ದರೆ, ಮಾತು ತೊದಲಿದರೆ ತಡಮಾಡದೆ 108ಕ್ಕೆ ಕರೆ ಮಾಡಿಸಿ. ತೊಂದರೆ ಶುರುವಾದ ಸಮಯವನ್ನು ಬರೆದಿಡಿ. ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಚುಚ್ಚುಮದ್ದು ಇದೆ. ಆದರೆ ಸಿ.ಟಿ. ಸ್ಕ್ಯಾನ್ ಮಾಡಿ, ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಅದನ್ನು ಕೊಡಬೇಕು. ಗುಡ್ಡದ ಊರುಗಳಿಂದ ಹಾಸನದಂಥ ಊರಿನ ದೊಡ್ಡ ಆಸ್ಪತ್ರೆಗೆ ಹೋಗಲು ಸಮಯ ಹಿಡಿಯುತ್ತದೆ. ಆದ್ದರಿಂದ ಪಾರಿವಾಳದ ರಕ್ತ ಹಚ್ಚುವುದು, ತಾಯಿತ ಕಟ್ಟಿಸುವುದು ಎಂದು ಒಂದು ನಿಮಿಷವನ್ನೂ ಕಳೆಯಬಾರದು. ನೀರು, ಕಾಫಿ, ಮಾತ್ರೆ ಏನನ್ನೂ ಬಾಯಿಗೆ ಹಾಕಬಾರದು. ಏಕೆಂದು ಈಗ ನಿಮಗೇ ಗೊತ್ತು.

ಆ ಹುಡುಗಿಯ ವರದಿ

ಮುಂದಿನ ಸಲ ಆ ಶಾಲೆಗೆ ಹೋದಾಗ ಹುಡುಗಿ ನೋಟ್ ಪುಸ್ತಕ ತೋರಿಸಿದಳು. ಏಳು ದಿನದ ಊಟದ ಲೆಕ್ಕ ಬರೆದಿದ್ದಳು. ಐದು ದಿನ ತಾತ ಬಿಟ್ಟಿದ್ದದ್ದು ತಟ್ಟೆಯ ಎಡಭಾಗವನ್ನೇ. ಎಂಟನೆಯ ದಿನ ಅವಳು ತಟ್ಟೆ ತಿರುಗಿಸಿದಳು. ‘ಪಲ್ಯ ಇವತ್ತು ಮಾಡಿದ್ದಾ?’ ಎಂದು ತಾತ ಕೇಳಿದರಂತೆ. ಉಪ್ಪಿನ ವಿಷಯವನ್ನು ಅಜ್ಜಿಗೂ ಹೇಳಿದ್ದಳು. ಸಾರು ಈಗಲೂ ತಾತನಿಗೆ ಸಪ್ಪೆಯೇ. ಆದರೆ ‘ಸುಳ್ಳು ಹೇಳುತ್ತಾರೆ’ ಎಂದು ಮನೆಯಲ್ಲಿ ಈಗ ಯಾರೂ ಅನ್ನುವುದಿಲ್ಲ.

ಕೆಮ್ಮು, ಕೆನ್ನೆಯಲ್ಲಿ ಉಳಿಯುವ ಅನ್ನ, ಔಷಧಿ ಇವೆಲ್ಲವನ್ನೂ ವೈದ್ಯರ ಹತ್ತಿರ ಕೇಳಲು ಅವಳು ಇನ್ನೊಂದು ಪುಟದಲ್ಲಿ ಪಟ್ಟಿ ಮಾಡಿಕೊಂಡಿದ್ದಳು. ಪ್ರಶ್ನೆ ಕೇಳುವುದು, ಗಮನಿಸುವುದು, ಬರೆದಿಡುವುದು, ಮಾಡಿ ನೋಡುವುದು. ವಿಜ್ಞಾನವೆಂದರೆ ಇಷ್ಟೇ ತಾನೇ?

ಯೋಚಿಸಿ, ಮಾಡಿ

1. ನೆಗಡಿಯಾದಾಗ ಊಟ ರುಚಿಸುವುದಿಲ್ಲ. ಏಕೆ? ತಾತನ ತೊಂದರೆಗೂ ಇದಕ್ಕೂ ಏನು ವ್ಯತ್ಯಾಸ?

2. ಎರಡು ಪಾತ್ರೆಗಳಲ್ಲಿ ಒಂದೇ ಅಳತೆಯ ಮಜ್ಜಿಗೆ ತೆಗೆದುಕೊಳ್ಳಿ. ಒಂದಕ್ಕೆ ಒಂದು ಚಮಚ ಉಪ್ಪು ಹಾಕಿ. ಇನ್ನೊಂದಕ್ಕೆ ಅರ್ಧ ಚಮಚ ಉಪ್ಪು, ನಿಂಬೆರಸ, ಹುರಿದ ಜೀರಿಗೆ ಪುಡಿ ಹಾಕಿ. ಯಾವುದರಲ್ಲಿ ಏನಿದೆ ಎಂದು ಹೇಳದೆ ಹತ್ತು ಸಹಪಾಠಿಗಳಿಗೆ ಸ್ವಲ್ಪ ಸ್ವಲ್ಪ ಕೊಡಿ. ಯಾವುದು ಹೆಚ್ಚು ರುಚಿ ಎಂದು ಕೇಳಿ ಕೋಷ್ಟಕದಲ್ಲಿ ಬರೆಯಿರಿ.

3. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಉಪ್ಪು ಬೇಕಾಗುತ್ತದೆ? ಅದನ್ನು ಮನೆಯವರ ಸಂಖ್ಯೆಯಿಂದಲೂ 30ರಿಂದಲೂ ಭಾಗಿಸಿ. ಒಬ್ಬರಿಗೆ ದಿನಕ್ಕೆ ಎಷ್ಟು ಗ್ರಾಂ ಬಂತು? ಅದು 5ಕ್ಕಿಂತ ಹೆಚ್ಚೋ ಕಡಿಮೆಯೋ?

4. ಅಕ್ಟೋಬರ್ 29 ವಿಶ್ವ ಪಾರ್ಶ್ವವಾಯು ದಿನ. ಅಂದು ನಿಮ್ಮ ಶಾಲೆಯ ಗೋಡೆ ಪತ್ರಿಕೆಯಲ್ಲಿ ಮುಖ, ಕೈ, ಮಾತು, ಸಮಯ ಎಂಬ ನಾಲ್ಕು ಪದಗಳನ್ನು ಬರೆದು ಒಂದೊಂದರ ಅರ್ಥ ವಿವರಿಸಿ.